ಒಂದೇ ಕೈಯ ಔಷಧ

ಕುಷ್ಟಗಿಯ ಸರ್ಕಾರಿ ದವಾಖಾನೆಗೆ ಕಂಪೌಂಡರ್ ಆಗಿ ಸೇರಿದಾಗ ನನಗೆ ಇಪ್ಪತ್ತೊಂದು ವರ್ಷ. ಅಲ್ಲಿ ನಾನು ಎರಡು ಪುಸ್ತಕ ಬರೆಯುತ್ತಿದ್ದೆ. ಒಂದು ಸರ್ಕಾರದ ರಿಜಿಸ್ಟರು, ಅದು ಉರ್ದುವಿನಲ್ಲಿ. ಇನ್ನೊಂದು ನನ್ನ ದಿನಚರಿ, ಕನ್ನಡದಲ್ಲಿ. ದಿನಚರಿ ಬರೆ ಎಂದು ಯಾರೂ ಹೇಳಿರಲಿಲ್ಲ. ಕೊಪ್ಪಳದ ಸಾಲೆಯಲ್ಲಿ ಓದುವಾಗಿನಿಂದ ಬಂದ ಚಟ. ವಾರ, ತಿಥಿ, ಬಂದ ರೋಗಿಗಳು ಎಷ್ಟು, ಅದರಲ್ಲಿ ಹೆಂಗಸರು ಎಷ್ಟು, ಚಳಿಜ್ವರ ಎಷ್ಟು, ಹುಣ್ಣು ಎಷ್ಟು, ಔಷಧವಿಲ್ಲದೆ ವಾಪಸು ಹೋದವರು ಎಷ್ಟು. ಸಂಜೆ ಬಾಗಿಲು ಹಾಕುವ ಮುಂಚೆ ಇಷ್ಟನ್ನು ಬರೆದು ಕೂಡಿಸದಿದ್ದರೆ ನನಗೆ ಊಟ ರುಚಿಸುತ್ತಿರಲಿಲ್ಲ.

ಆ ದಿನಚರಿಯ ಒಂದು ಪುಟದಲ್ಲಿ ಒಬ್ಬ ಹೆಂಗಸಿನ ಉಸಿರಿನ ಲೆಕ್ಕ ಇದೆ. ಹನ್ನೆರಡು ಮಂಗಳವಾರಗಳ ಲೆಕ್ಕ. ಈಗ ನನಗೆ ಇಪ್ಪತ್ತಾರು. ಐದು ವರ್ಷಗಳಲ್ಲಿ ಆ ಪುಟವನ್ನು ಎಷ್ಟೋ ಸಲ ತೆಗೆದು ನೋಡಿದ್ದೇನೆ. ಒಂದು ಅಂಕಿಯೂ ತಪ್ಪಿಲ್ಲ.

ಅದು ಯುದ್ಧದ ಕಾಲ. ಔಷಧದ ಪೆಟ್ಟಿಗೆ ರಾಯಚೂರಿನಿಂದ ಬರಬೇಕು. ಕೊಪ್ಪಳ ಸ್ಟೇಷನ್ನಿನವರೆಗೆ ರೈಲಿನಲ್ಲಿ, ಅಲ್ಲಿಂದ ಮುಂದೆ ಎತ್ತಿನ ಗಾಡಿಯಲ್ಲಿ. ನಾವು ಬರೆದುಕೊಟ್ಟ ಪಟ್ಟಿಯಲ್ಲಿ ಅರ್ಧ ಬಂದರೆ ಹೆಚ್ಚು. ಕ್ವಿನೈನ್ ಬಂದ ವಾರ ಟಿಂಚರ್ ಇಲ್ಲ, ಟಿಂಚರ್ ಬಂದ ವಾರ ಗಾಯಕ್ಕೆ ಕಟ್ಟುವ ಬಟ್ಟೆ ಇಲ್ಲ. ನಮ್ಮ ಡಾಕ್ಟರ್ ಸಾಹೇಬರು ಬೀದರ್ ಕಡೆಯವರು. ಮನೆಮಾತು ಉರ್ದು, ಆದರೆ ರೋಗಿಗಳ ಜೊತೆ ಈ ಕಡೆಯ ಕನ್ನಡವನ್ನೇ ಆಡುತ್ತಿದ್ದರು. ಔಷಧ ಇಲ್ಲ ಎಂದು ಹೇಳಬೇಕಾದಾಗ ಮಾತ್ರ ಅವರು ನನ್ನನ್ನು ಕರೆದು, ನೀನೇ ಹೇಳು ಎನ್ನುವಂತೆ ಕಣ್ಣಲ್ಲಿ ಸನ್ನೆ ಮಾಡಿ ಒಳಗೆ ಹೋಗಿಬಿಡುತ್ತಿದ್ದರು.

ಆ ಶ್ರಾವಣದಲ್ಲಿ ಯಲಬುರ್ಗಾದ ಕಡೆಯಿಂದ ಒಬ್ಬ ಮುದುಕರು ಕಣ್ಣು ತೋರಿಸಲು ಬಂದರು. ಖಾಸಗಿ ಕನ್ನಡ ಸಾಲೆಯಲ್ಲಿ ಮಾಸ್ತರಿಕೆ ಮಾಡಿ ಬಿಟ್ಟವರು. ಮಗಳ ಮನೆ ಕುಷ್ಟಗಿಯಲ್ಲಿ, ಅಲ್ಲೇ ಇದ್ದರು. ಅವರು ಕಟ್ಟೆಯ ಮೇಲೆ ತಮ್ಮ ಸರದಿ ಕಾಯುತ್ತಿದ್ದಾಗ ಪಕ್ಕದಲ್ಲಿ ದಮ್ಮಿನ ರೋಗಿ ಒಬ್ಬ ಬಗ್ಗಿ ಕೂತು ಏದುತ್ತಿದ್ದ. ಮಾಸ್ತರು ಅವನ ಬೆನ್ನು ನೆಟ್ಟಗೆ ಮಾಡಿ, ಹೆಗಲು ಸಡಿಲ ಬಿಡಿಸಿ, ತುಟಿ ಕಿರಿದು ಮಾಡಿ ಉಸಿರು ಹೊರಗೆ ಬಿಡಲು ಹೇಳಿದರು. ಒಳಗೆ ಎಳೆಯುವುದನ್ನು ಮರೆತುಬಿಡು, ಬಿಡುವುದನ್ನಷ್ಟೇ ನೋಡಿಕೋ ಎಂದರು. ಸ್ವಲ್ಪ ಹೊತ್ತಿನಲ್ಲಿ ಅವನ ಎದೆಯ ಸಿಳ್ಳು ಇಳಿಯಿತು. ಸಾಹೇಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಸಾಹೇಬರು ಒಳಗೆ ಕರೆದು ಕೇಳಿದಾಗ, ತರುಣರಾಗಿದ್ದಾಗ ಗದಗಿನಲ್ಲಿ ಒಬ್ಬರ ಹತ್ತಿರ ಆಸನ, ಪ್ರಾಣಾಯಾಮ ಕಲಿತದ್ದಾಗಿ ಮಾಸ್ತರು ಹೇಳಿದರು. ಯಾರಿಗೂ ಕಲಿಸಿಲ್ಲವೇ ಎಂದು ಸಾಹೇಬರು ಕೇಳಿದ್ದಕ್ಕೆ, ಯಾರೂ ಕೇಳಿಲ್ಲ ಎಂದರು.

"ನಾನು ಕೇಳ್ತೀನಿ," ಎಂದರು ಸಾಹೇಬರು. "ನನ್ನ ಹತ್ರ ರೋಗಿ ಅದಾರ, ಔಷಧ ಇಲ್ಲ. ವಾರಕ್ಕೊಮ್ಮೆ ಬಂದು ಇಲ್ಲೇ ಕಲಿಸ್ರಿ."

"ಔಷಧ ಬಂದ ಮ್ಯಾಲೆ ನನ್ನ ಮನಿಗೆ ಕಳಸ್ತೀರೇನು?"

"ಬಂದ ಮ್ಯಾಲೂ ನೀವು ಇರ್ರಿ. ಎರಡೂ ಇರ್ಲಿ."

ಎರಡೂ ಇರಲಿ ಎಂಬ ಆ ಮಾತನ್ನು ಕೇಳಿಸಿಕೊಂಡವರು ನಾನು ಮತ್ತು ಮಾಸ್ತರು, ಇಬ್ಬರೇ.

ರಿಜಿಸ್ಟರಿನಲ್ಲಿ ಇದನ್ನು ಏನೆಂದು ಬರೆಯುವುದು ಎಂಬ ಪ್ರಶ್ನೆ ಬಂತು. ಮೇಲಿನವರು ತಪಾಸಣೆಗೆ ಬಂದರೆ ಉತ್ತರ ಕೊಡಬೇಕು. ಜನ ಗುಂಪು ಕೂಡುವುದಕ್ಕೇ ಅಪ್ಪಣೆ ಬೇಕಾಗಿದ್ದ ಕಾಲ. ಸಾಹೇಬರು ಸ್ವಲ್ಪ ಯೋಚಿಸಿ 'ವರ್ಜಿಶ್' ಎಂದು ಬರೆಸಿದರು. ಕಸರತ್ತು ಎಂದರ್ಥ. ಹಾಗೆ ನಮ್ಮ ದವಾಖಾನೆಯಲ್ಲಿ ಯೋಗ ಶುರುವಾಯಿತು.

ಮೊದಲ ಮಂಗಳವಾರ ಹನ್ನೊಂದು ಜನ. ದಮ್ಮು ನಾಲ್ಕು, ಹೊಟ್ಟೆಬೇನೆ ಮೂರು, ಸೊಂಟ ಎರಡು, ನಿದ್ದೆ ಬಾರದವನು ಒಬ್ಬ, ಏನು ರೋಗವೆಂದು ಹೇಳಲಾಗದವನು ಒಬ್ಬ. ಪಡಸಾಲೆಯ ಒಂದು ತುದಿಯಲ್ಲಿ ಗಂಡಸರು, ಇನ್ನೊಂದು ತುದಿಯಲ್ಲಿ ಇಬ್ಬರು ಹೆಂಗಸರು ಗೋಡೆಯ ಕಡೆ ಮುಖ ಮಾಡಿ. ಹೆಂಗಸರಿಗೆ ಕೂತು ಮಾಡುವ ಉಸಿರಾಟ, ಕೈ ಎತ್ತಿ ಇಳಿಸುವುದು, ಅಷ್ಟೇ. ಹೊಟ್ಟೆಬೇನೆಯ ಒಕ್ಕಲಿಗನೊಬ್ಬ ಗೊಣಗುತ್ತಲೇ ಕೂತ. ತಾನು ಇಪ್ಪತ್ತು ವರ್ಷದಿಂದ ಹೊಲದಲ್ಲಿ ಬಗ್ಗಿ ಎದ್ದು ಮಾಡುತ್ತಿರುವವನು, ಇದನ್ನು ಬೇಕಾದರೆ ಮೊದಲು ತನ್ನ ಎತ್ತಿಗೆ ಕಲಿಸಿರಿ ಎಂದ.

"ನಿನ್ನ ಎತ್ತು ಬೀಡಿ ಸೇದೂದಿಲ್ಲ," ಎಂದರು ಮಾಸ್ತರು. "ಅದಕ್ಕ ಇದು ಬ್ಯಾಡ. ನೀ ಕೂಡು."

ಎಲ್ಲರೂ ನಕ್ಕರು. ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ಇಬ್ಬರಲ್ಲಿ ಒಬ್ಬಳಿಗೆ ನಗಲು ಹೋಗಿ ಕೆಮ್ಮು ಹತ್ತಿ, ಬಹಳ ಹೊತ್ತು ಬಿಡಲಿಲ್ಲ.

ನಾನು ಹೇಳಬೇಕಾಗಿರುವುದು ಅವಳ ಬಗ್ಗೆ. ಊರಿನ ಅಂಚಿನಲ್ಲಿ ಕಂಬಳಿ ನೇಯುವವರ ಓಣಿಯವಳು. ವಯಸ್ಸು ನಲವತ್ತೈದು ಇದ್ದೀತು. ಗಂಡ ಮಗ್ಗದ ಮುಂದೆ ಕೂರುತ್ತಿದ್ದ. ಕುರಿಯ ಉಣ್ಣೆಯನ್ನು ಹಿಂಜಿ, ಕಸ ತೆಗೆದು, ನೂಲುವುದು ಇವಳ ಕೆಲಸ. ಆ ಮನೆಗಳಲ್ಲಿ ಬಾಗಿಲಿಂದ ಬಿಸಿಲು ಬಿದ್ದಾಗ ಗಾಳಿಯಲ್ಲಿ ಉಣ್ಣೆಯ ಎಳೆಗಳು ತೇಲುವುದು ಕಾಣುತ್ತದೆ. ಅವಳಿಗೆ ಒಂಬತ್ತು ವರ್ಷದಿಂದ ದಮ್ಮು. ನನ್ನನ್ನು ತಮ್ಮಾ ಎಂದು ಕರೆಯುತ್ತಿದ್ದಳು. ಬೇರೆ ರೋಗಿಗಳಂತೆ ತನ್ನ ಕಷ್ಟವನ್ನು ಉದ್ದಕ್ಕೆ ಹೇಳುವವಳಲ್ಲ. ಮೊದಲ ದಿನ ಮಾಸ್ತರು, ನಿಮಗೆ ಏನಾಗಬೇಕು ತಾಯಿ ಎಂದು ಕೇಳಿದಾಗ ಹೇಳಿದ್ದು ಇಷ್ಟೇ:

"ಮಗಳನ್ನ ಹನುಮಸಾಗರಕ್ಕ ಕೊಟ್ಟೀನ್ರಿ. ಮಾಘದಾಗ ಹೆರಿಗಿ. ಚೊಚ್ಚಲ. ಅಕಿ ಬಾಣಂತನ ಮಾಡೂ ಮಟ ಉಸಿರು ಉಳಿಸಿ ಕೊಡ್ರಿ, ಸಾಕು."

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಬಾಣಂತನ ಎಂದರೆ ಒಂದು ತಿಂಗಳಿಗೂ ಮೇಲೆ ನೀರೊಲೆಯ ಹೊಗೆ, ತೊಟ್ಟಿಲ ಕೆಳಗೆ ಕೆಂಡದ ಹೊಗೆ. ದಮ್ಮಿನವಳಿಗೆ ಅದು ಹೇಗೆ ಸಾಧ್ಯ ಎಂದು ನನಗೂ ಅನಿಸಿತು. ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ. ಮಾಸ್ತರು ಬೆರಳು ಮಡಿಸಿ ತಿಂಗಳು ಎಣಿಸಿದರು. ಆಗ ಭಾದ್ರಪದ ಮುಗಿಯುತ್ತಿತ್ತು. ಐದು ತಿಂಗಳಿಲ್ಲ. ಮಾಡೋಣ ತಾಯಿ ಎಂದರು.

ಅವಳ ಪುಟವನ್ನು ನಾನು ಅಂದೇ ತೆರೆದೆ. ಒಂದು ಉಸಿರನ್ನು ಬಿಡುತ್ತ ಎಷ್ಟು ಎಣಿಸಬಲ್ಲಳು ಎಂಬುದು ಒಂದು ಸಾಲು. ವಾರದಲ್ಲಿ ಎಷ್ಟು ರಾತ್ರಿ ಮಲಗಲಾಗದೆ ಕೂತಿದ್ದಳು ಎಂಬುದು ಇನ್ನೊಂದು. ಮೊದಲ ಮಂಗಳವಾರ ಎಣಿಕೆ ಐದು, ಕೂತ ರಾತ್ರಿ ಐದು.

ಮೂರನೆಯ ವಾರ ಔಷಧದ ಪೆಟ್ಟಿಗೆ ಬಂತು. ಅದರಲ್ಲಿ ದಮ್ಮಿನ ಔಷಧ, ಹೊಟ್ಟೆಬೇನೆಯ ಔಷಧ ಎರಡೂ ಇದ್ದವು. ಸಾಹೇಬರು ಯೋಗಕ್ಕೆ ಬರುವವರಿಗೆ ಮೊದಲು ಕೊಡು ಎಂದರು. ರೋಗಿಗಳು ಬಾಟಲಿ ಮನೆಯಿಂದಲೇ ತರಬೇಕು. ನಾನು ಔಷಧ ತುಂಬಿ, ಕಾಗದದ ಪಟ್ಟಿಯನ್ನು ಅಳತೆಗೆ ಹಲ್ಲಿನಂತೆ ಕತ್ತರಿಸಿ ಬಾಟಲಿಗೆ ಅಂಟಿಸಿ, ಒಂದು ಹಲ್ಲು ಮುಂಜಾನೆ, ಒಂದು ಹಲ್ಲು ಸಂಜೆ ಎಂದು ಹೇಳಿ, ಪಟ್ಟಿಯ ಮೇಲೆ ರೋಗಿಯ ನಂಬರು ಬರೆಯುತ್ತಿದ್ದೆ. ಖಾಲಿ ಬಾಟಲಿ ತಂದರೆ ಮುಂದಿನ ವಾರದ್ದು.

ಅದೇ ವಾರ ನಾನೊಂದು ಕೆಲಸ ಮಾಡಿದೆ. ಮಾಸ್ತರು ಪ್ರತಿ ಸಲವೂ ಬಾಯಲ್ಲಿ ಹೇಳುತ್ತಿದ್ದ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರೆ ಒಳ್ಳೆಯದಲ್ಲವೇ ಎಂದು ತೋಚಿತು. ಅವರು ಹೇಳಿದರು, ನಾನು ದೊಡ್ಡ ಅಕ್ಷರದಲ್ಲಿ ಬರೆದೆ. ಬರಿ ಹೊಟ್ಟೆಯಲ್ಲಿ ಮಾಡಬೇಕು. ಜ್ವರವಿದ್ದಾಗ ಮಾಡಬಾರದು. ಉಸಿರು ಬಿಗಿ ಹಿಡಿಯಬಾರದು. ರಾತ್ರಿ ಮೊಸರು, ಬದನೆಕಾಯಿ, ಹುಳಿ ಬೇಡ. ಮುಂಜಾನೆ ಎದ್ದು ಮುಖ ತೊಳೆದು ಕಂಬಳಿಯ ಮೇಲೆ ಕೂರಬೇಕು. ಒಂದು ದಿನವೂ ಬಿಡಬಾರದು. ಒಟ್ಟು ಆರು. ಮೇಲೆ ಒಂದು ತಲೆಬರಹ ಬೇಕಲ್ಲ. ಮಾಸ್ತರು 'ಅಭ್ಯಾಸದ ನಿಯಮಗಳು' ಎಂದರು. ಅದು ಜನಕ್ಕೆ ತಿಳಿಯುವುದಿಲ್ಲ ಎಂದು ನಾನು ಹಟ ಮಾಡಿ 'ಪಥ್ಯ' ಎಂದು ಬರೆದೆ. ಪಥ್ಯ ಎಂದರೆ ನಮ್ಮ ಕಡೆ ಓದು ಬಾರದವರಿಗೂ ಗೊತ್ತು. ಓದು ಬಾರದವರಿಗೆ ನಾನೇ ಓದಿ ಹೇಳಿದೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಎತ್ತಿಗೆ ಕಲಿಸಿರಿ ಎಂದವನೂ ಅಂದಿನಿಂದ ಜೋಕು ಮಾಡುವುದನ್ನು ಬಿಟ್ಟ. ನನಗೆ ಹೆಮ್ಮೆಯಾಯಿತು.

ಅವಳ ಲೆಕ್ಕ ಏರತೊಡಗಿತು. ಎರಡನೇ ವಾರ ಆರು, ಮೂರನೇ ವಾರ ಆರು, ಆಮೇಲೆ ಎಂಟು, ಹತ್ತು, ಒಂಬತ್ತು, ಹನ್ನೊಂದು. ಕೂತ ರಾತ್ರಿಗಳು ಐದರಿಂದ ಮೂರಾಗಿ, ಎರಡಾಗಿ, ದೀಪಾವಳಿಯ ವಾರ ಒಂದೂ ಇಲ್ಲ. ಆ ಮಂಗಳವಾರ ಅವಳು ಬಂದಾಗ ಮುಖ ಬೇರೆಯೇ ಆಗಿತ್ತು. ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಿತ್ತು. ಎಳ್ಳಿನ ಹೋಳಿಗೆ ತಂದಿದ್ದಳು, ಸಾಹೇಬರಿಗೆ ಎರಡು, ಮಾಸ್ತರಿಗೆ ಎರಡು, ನನಗೆ ಒಂದು. ನನಗೆ ಯಾಕೆ ಒಂದೇ ಎಂದು ಕೇಳಿದೆ.

"ನೀ ಕೂತಲ್ಲೇ ಬರೀತೀ ತಮ್ಮಾ," ಎಂದಳು. "ಎರಡು ತಿಂದ್ರ ಅರಗಿಸಾಕ ನೀನೂ ಗ್ವಾಡಿ ಕಡೆ ಮಾರಿ ಮಾಡಿ ಕೂಡಬೇಕಾಗ್ತೈತಿ."

ಸಾಹೇಬರು ನನ್ನ ಪುಟವನ್ನು ತರಿಸಿ ನನ್ನಿಂದಲೇ ಓದಿಸಿಕೊಂಡರು. ತಮ್ಮ ಗಡಿಯಾರ ಹಿಡಿದು ತಾವೇ ಅವಳ ಉಸಿರನ್ನು ಎಣಿಸಿದರು. ಹದಿಮೂರು. ಮಾಸ್ತರ ಕಡೆ ತಿರುಗಿ, ಈ ಲೆಕ್ಕವನ್ನು ಉರ್ದುವಿನಲ್ಲಿ ನಕಲು ಮಾಡಿ ರಾಯಚೂರಿಗೆ ಕಳಿಸುತ್ತೇನೆ, ಬೇರೆ ದವಾಖಾನೆಗಳಲ್ಲೂ ಹೀಗೆ ಮಾಡಬಹುದು ಎಂದರು. ಗಂಗಾವತಿಯಲ್ಲಿ ತಮ್ಮ ಸ್ನೇಹಿತರೊಬ್ಬರು ಡಾಕ್ಟರಾಗಿದ್ದಾರೆ, ಅವರಿಗೂ ಬರೆಯುತ್ತೇನೆ ಎಂದರು. ನಾನು ಮನೆಗೆ ಹೋಗಿ ಎರಡು ಸಂಜೆ ಕೂತು ನಕಲು ತೆಗೆದೆ.

ಪ್ರತಿ ಮಂಗಳವಾರ ಅವಳು ಖಾಲಿ ಬಾಟಲಿ ತಂದು ನನ್ನ ಮುಂದೆ ಇಡುತ್ತಿದ್ದಳು. ತೊಳೆದು ಒಣಗಿಸಿದ ಬಾಟಲಿ. ನಾನು ಕೇಳುತ್ತಿದ್ದೆ, ಔಷಧ ಖಾಲಿ ಆತೇನ್ರಿ ಎಂದು. ಖಾಲಿ ಆತು ತಮ್ಮಾ ಎನ್ನುತ್ತಿದ್ದಳು. ನಾನು ಗೆರೆ ಎಳೆಯುತ್ತಿದ್ದೆ. ಒಂಬತ್ತು ಬಾಟಲಿ, ಒಂಬತ್ತು ಗೆರೆ.

ಮಾರ್ಗಶಿರದಲ್ಲಿ ಚಳಿ ಬಿತ್ತು. ಕುರಿಯ ಮೈಯಿಂದ ಕತ್ತರಿಸಿದ ಹೊಸ ಉಣ್ಣೆ ಓಣಿಗೆ ಬಂದದ್ದೂ ಆಗಲೇ. ಮಗಳ ಬಾಣಂತನಕ್ಕೆ ಒಂದು ಮೆತ್ತನೆಯ ಕಂಬಳಿ ಆಗಬೇಕೆಂದು ಎಳೆಗುರಿಯ ಉಣ್ಣೆಯನ್ನು ಬೇರೆ ತೆಗೆದಿಟ್ಟಿದ್ದಾಗಿ ಅವಳು ಹೇಳಿದಳು. ಹನ್ನೊಂದನೆಯ ಮಂಗಳವಾರ ಎಣಿಕೆ ಹತ್ತಕ್ಕೆ ಇಳಿಯಿತು. ಹನ್ನೆರಡನೆಯ ವಾರ ಎಂಟು. ಕೂತ ರಾತ್ರಿ ಮೂರು. ನಾನು ಪಕ್ಕದಲ್ಲಿ 'ಚಳಿ' ಎಂದು ಬರೆದೆ. ಮಾಸ್ತರು ಉಣ್ಣೆಯ ಕೆಲಸ ಸ್ವಲ್ಪ ದಿನ ಬಿಡು ತಾಯಿ ಎಂದರು. ಕಂಬಳಿ ಒಂದು ಮುಗಿಯಲಿ ಎಂದಳು. ಬಾಯಿಗೆ ಸೆರಗು ಕಟ್ಟಿಕೊಂಡು ಹಿಂಜು ಎಂದರು. ಹೂಂ ಎಂದಳು. ನಾನು ಎಂದಿನಂತೆ, ಔಷಧ ಖಾಲಿ ಆತೇನ್ರಿ ಎಂದೆ. ಎಂದಿನಂತೆಯೇ, ಖಾಲಿ ಆತು ತಮ್ಮಾ ಎಂದಳು.

ಹದಿಮೂರನೆಯ ಮಂಗಳವಾರ ಅವಳು ಬರಲಿಲ್ಲ. ಅವಳ ಜೊತೆ ಗೋಡೆಯ ಕಡೆ ಕೂರುತ್ತಿದ್ದ ಅದೇ ಓಣಿಯ ಇನ್ನೊಬ್ಬ ಹೆಂಗಸು ಬಂದಳು. ಬಂದವಳು ಕೂರಲಿಲ್ಲ. ಕಂಬದ ಹತ್ತಿರ ನಿಂತು, ಮೊನ್ನೆ ಆದಿತ್ಯವಾರ ಮಧ್ಯಾಹ್ನ ಅವಳು ಹೋದಳು ಎಂದು ಹೇಳಿದಳು. ಉಣ್ಣೆ ಹಿಂಜುತ್ತ ಕೂತಾಗ ದಮ್ಮು ಹತ್ತಿತಂತೆ. ಗಂಡ ಗಾಡಿ ಹೂಡುತ್ತೇನೆ, ದವಾಖಾನೆಗೆ ಹೋಗೋಣ ಎಂದನಂತೆ. ಅವಳು ಬೇಡ ಎಂದು ಕೈ ಅಡ್ಡ ಮಾಡಿ, ಕಂಬಳಿಯ ಮೇಲೆ ನೆಟ್ಟಗೆ ಕೂತು, ಮಾಸ್ತರು ಹೇಳಿಕೊಟ್ಟಿದ್ದನ್ನು ಮಾಡತೊಡಗಿದಳಂತೆ. ಬೆರಳಲ್ಲಿ ಎಣಿಸುತ್ತಿದ್ದಳು. ಎಲ್ಲರೂ ಕೂತು ಅವಳ ಬೆರಳನ್ನೇ ನೋಡುತ್ತಿದ್ದರು. ತುಟಿ ನೀಲಿಯಾದ ಮೇಲೆ ಗಾಡಿ ಹೂಡಿದರು. ಗಾಡಿ ಓಣಿ ದಾಟಲಿಲ್ಲ.

ಮಾಸ್ತರು ಕೇಳುತ್ತಲೇ ಕೆಳಗೆ ಕೂತರು. ಅಂದು ಪಾಠ ಆಗಲಿಲ್ಲ. ಬಂದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು. ಮಾಸ್ತರು ನನ್ನನ್ನು ಹತ್ತಿರ ಕರೆದು, ಅವಳ ಪುಟ ಓದು ಎಂದರು. ಓದಿದೆ. ಇನ್ನೊಮ್ಮೆ ಓದಿಸಿದರು. ಔಷಧವೂ ತಪ್ಪಿಲ್ಲ, ಅಭ್ಯಾಸವೂ ತಪ್ಪಿಲ್ಲ, ಹಾಗಾದರೆ ನಾನು ಹೇಳಿಕೊಟ್ಟದ್ದರಲ್ಲೇ ಏನೋ ತಪ್ಪಿದೆ ಎಂದರು. ಅವರ ದನಿ ಬಹಳ ಸಣ್ಣದಾಗಿತ್ತು. ಸಾಹೇಬರು, ಅಷ್ಟು ಹಳೆಯ ರೋಗ, ಹೀಗೆ ಆಗುತ್ತದೆ, ಔಷಧ ತೆಗೆದುಕೊಂಡೇ ಹೋದವರನ್ನು ಎಷ್ಟೋ ನೋಡಿದ್ದೇನೆ ಎಂದು ಸಮಾಧಾನ ಹೇಳಿದರು. ರಾಯಚೂರಿಗೆ ಕಳಿಸಬೇಕಿದ್ದ ನಕಲು ಮೇಜಿನ ಮೇಲೆ ಇತ್ತು. ಅದನ್ನು ಅವರು ಕಳಿಸಲಿಲ್ಲ.

ಆ ಮಂಗಳವಾರದಿಂದ ಒಂಬತ್ತು ದಿನ ಕಳೆದಿತ್ತು. ಗುರುವಾರ ಮುಂಜಾನೆ ಕಂಬಳಿ ಓಣಿಯ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಅವನು ನಮ್ಮ ರೋಗಿಯಲ್ಲ. ನನ್ನ ಮುಂದೆ ಒಂದು ಬಾಟಲಿ ಇಟ್ಟ. ತಳದಲ್ಲಿ ಒಂದು ಹಲ್ಲಿನಷ್ಟು ಔಷಧ ಉಳಿದಿತ್ತು. ಪಟ್ಟಿ ನಾನು ಕತ್ತರಿಸಿದ್ದು. ನಂಬರು ಅವಳದು.

"ಇದರಾಗಿನ ನೀರು ತುಂಬಿ ಕೊಡಪಾ," ಎಂದ. "ನನ್ನ ಕೆಮ್ಮಿಗೆ ಭಾಳ ಛಲೋ ಆಗೈತಿ."

"ಇದು ನಿಮಗ ಎಲ್ಲಿ ಸಿಕ್ತು ಯಜ್ಜಾ?"

"ಅಕೀನ ಕಳಸ್ತಿದ್ಲು. ವಾರ ವಾರ. ನನಗ ನ್ಯಾಮ ಐತಿ, ನಾ ಮುಟ್ಟೂ ಹಂಗಿಲ್ಲ, ಚೆಲ್ಲಾಕ ಮನಸ ಬರೂದಿಲ್ಲ, ನೀ ಕುಡಿ ಅಂತಿದ್ಲು."

"ಎಂದಿನಿಂದ?"

"ದಸರಾಕ್ಕೂ ಮದಲ. ನೀವು ಪಥ್ಯ ಹೇಳಿದ್ರಂತಲ್ಲ, ಅಂದಿನಿಂದ."

ಮುದುಕ ಕೆಮ್ಮಿದ. ನಾನು ಬಾಟಲಿ ತುಂಬಿ, ಹಳೆಯ ಪಟ್ಟಿ ಕಿತ್ತು, ಹೊಸ ಪಟ್ಟಿ ಅಂಟಿಸಿ, ಅವನಿಗೆ ಹೊಸ ನಂಬರು ಬರೆದುಕೊಟ್ಟೆ.

ನನಗೆ ತಿಳಿಯಬೇಕಾಗಿತ್ತು. ನಾನು ಬೇರೆ ಸೀಮೆಯವನಲ್ಲ. ನಾನು ಚಿಕ್ಕವನಿದ್ದಾಗ ನನ್ನ ಆಯಿಗೆ, ಎಂದರೆ ಅಜ್ಜಿಗೆ, ಕಾಮಾಲೆಯಾಗಿತ್ತು. ಊರಿನ ವೈದ್ಯನ ಪುಡಿ ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಪಕ್ಕದೂರಿನ ಇನ್ನೊಬ್ಬ ಬಂದು ಬೇರು ಕೊಟ್ಟು ಪಥ್ಯ ಹೇಳಿದ. ಅವನು ಹೊಸಿಲು ದಾಟುವ ಮುಂಚೆ ಆಯಿ ಮೊದಲಿನ ಪುಡಿಯನ್ನು ತಿಪ್ಪೆಗೆ ಹಾಕಿಸಿದಳು. ನಮ್ಮ ಕಡೆ ಯಾರಾದರೂ ಪಥ್ಯ ಹೇಳಿದರೆಂದರೆ, ಅವರ ಕೈ ಹಿಡಿದಂತೆ. ಆಮೇಲೆ ಇನ್ನೊಬ್ಬರ ಕೈಯ ಔಷಧ ಮುಟ್ಟಬಾರದು. ಮುಟ್ಟಿದರೆ ಎರಡೂ ನಾಟುವುದಿಲ್ಲ, ಮೈಯಲ್ಲಿ ಜಗಳಾಡುತ್ತವೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಮಾಸ್ತರು ಹೇಳಿದಂತೆ ನಿಯಮಗಳು ಎಂದೇ ಬರೆದಿದ್ದರೆ ಅದು ಸಾಲೆಯ ಮಾತಾಗಿ ಉಳಿಯುತ್ತಿತ್ತು. ಪಥ್ಯ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಓದಿ ಹೇಳಿದವನು ನಾನು. ಅಂದು ರೋಗಿಗಳು ತಲೆಯಾಡಿಸಿದ್ದು ಅದಕ್ಕೆ. ಸಾಹೇಬರ ಮನಸ್ಸು ನೋಯಬಾರದೆಂದು ಬಾಟಲಿ ಮಾತ್ರ ವಾರವಾರ ಒಯ್ದಿದ್ದರು. ನಾನು ಖಾಲಿಯಾಯಿತೇ ಎಂದು ಕೇಳಿದೆ. ಕುಡಿದಿರೇ ಎಂದು ಕೇಳಲಿಲ್ಲ. ಅವಳು ಒಂದು ಸಲವೂ ಸುಳ್ಳು ಹೇಳಲಿಲ್ಲ.

ಅಂದು ಮಧ್ಯಾಹ್ನ ದವಾಖಾನೆ ಬಾಗಿಲು ಹಾಕಿ ಯೋಗಕ್ಕೆ ಬರುತ್ತಿದ್ದ ಉಳಿದ ಹತ್ತು ಜನರ ಮನೆಗೂ ಹೋದೆ. ಎರಡು ದಿನ ಹಿಡಿಯಿತು. ಈ ಸಲ ಸರಿಯಾಗಿ ಕೇಳಿದೆ. ಔಷಧ ಬಿಟ್ಟವರು ಆರು. ಅವರಲ್ಲಿ ದಮ್ಮಿನವರು ಇಬ್ಬರು. ಬಿಟ್ಟಿದ್ದನ್ನು ಯಾರೂ ಮುಚ್ಚಿಡಲಿಲ್ಲ. ಪಥ್ಯದಲ್ಲಿ ಇದ್ದೇವಲ್ಲ ಎಂದರು, ನಾನು ಇಷ್ಟೂ ತಿಳಿಯದವನಂತೆ ಯಾಕೆ ಕೇಳುತ್ತಿದ್ದೇನೆ ಎಂಬ ಹಾಗೆ.

ಸಾಹೇಬರಿಗೂ ಮಾಸ್ತರಿಗೂ ಒಟ್ಟಿಗೆ ಹೇಳಿದೆ. ಸಾಹೇಬರು ಎದ್ದು ಗೋಡೆಯ ಮೇಲಿನ ಕಾಗದದ ಹತ್ತಿರ ಹೋದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮೇಲೆ ಏನು ಬರೆದಿದೆ ಎಂದು ಕೇಳಿದರು. ಹೇಳಿದೆ. ಅದನ್ನು ಅವರು ಹರಿಯಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಎರಡೂ ಇರಲಿ ಎಂದು ಮಾಸ್ತರಿಗೆ ಹೇಳಿದೆ, ಕುಡಿಯಬೇಕಾದವರಿಗೆ ಹೇಳಲಿಲ್ಲ, ತಪ್ಪು ನನ್ನದು ಎಂದರು. ಮಾಸ್ತರು, ಹಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೇ ಹೊಳೆಯಲಿಲ್ಲ, ನನ್ನದು ಎಂದರು. ಮೂವರೂ ಅದನ್ನು ತಮ್ಮ ಕಡೆಗೆ ಎಳೆದುಕೊಂಡೆವು. ಅದರಿಂದ ಯಾರಿಗೂ ಹಗುರವಾಗಲಿಲ್ಲ. ನಾನು ಕಾಗದ ಕಿತ್ತು ಒಲೆಗೆ ಹಾಕಿದೆ.

ಅವಳ ಮನೆಗೆ ಹೋಗಿ ಹೇಳಬೇಕೆಂದು ನಾನೇ ಹೊರಟೆ. ಸಾಹೇಬರು ಬೇಡ ಎಂದರು. ಹೋದವಳು ಬರುವುದಿಲ್ಲ, ಇದ್ದವರಿಗೆ ಹೊಸ ನೋವು ಯಾಕೆ ಎಂದರು. ನಾಲ್ಕು ದಿನ ನಾನೂ ಹಾಗೇ ಅಂದುಕೊಂಡೆ. ಐದನೆಯ ದಿನ ಹೋದೆ.

ಗಂಡ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮಗಳು ಬಂದಿದ್ದಳು. ತಾಯಿಯ ಮಣ್ಣಿಗೆ ಬಂದವಳು ಅಲ್ಲೇ ಉಳಿದಿದ್ದಳು. ದಿನ ತುಂಬುತ್ತಿತ್ತು, ಮತ್ತೆ ಗಾಡಿಯಲ್ಲಿ ಅಲುಗಿಸುವ ಹಾಗಿರಲಿಲ್ಲ. ಅವಳು ನನಗೆ ನೀರು ಕೊಟ್ಟು, ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಒಳಗೆ ಹೋದಳು. ನಾನು ಹೇಳಬೇಕಾದ್ದನ್ನು ಹೇಳಿದೆ. ಕಾಗದದ ವಿಷಯ, ನಾನು ಹಟ ಮಾಡಿ ಬರೆದದ್ದು, ಔಷಧ ಬಿಡಬೇಕೆಂದು ನಮ್ಮಲ್ಲಿ ಯಾರ ಮನಸ್ಸಿನಲ್ಲೂ ಇರಲಿಲ್ಲ ಎಂಬುದು. ಆತ ಕೈ ನಿಲ್ಲಿಸದೆ ಕೇಳುತ್ತಿದ್ದ. ಮುಗಿದ ಮೇಲೆ ಲಾಳಿಯನ್ನು ಪಕ್ಕಕ್ಕಿಟ್ಟ.

"ಎರಡೂ ತಗೊಂಡಿದ್ರ ಉಳೀತಿದ್ಲೇನು?"

"ಗೊತ್ತಿಲ್ರಿ," ಎಂದೆ. "ಉಳೀಬಹುದಿತ್ತು."

ಆತ ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಮೆಲ್ಲಕ ಮಾತಾಡ್ರಿ. ಮಗಳಿಗೆ ಕೇಳಬಾರದು. ನನಗ ಗೊತ್ತಿತ್ತು, ಅಕಿ ಬಿಟ್ಟಿದ್ದು. ನಾನ ಆ ಬಾಟ್ಲಿ ಒಯ್ದು ಮುದುಕಗ ಕೊಟ್ಟು ಬರ್ತಿದ್ದೆ. ಕಡೀ ವಾರ ಅಕೀಗೆ ಭಾಳ ಆಗಿತ್ತು. ಒಂದ ಗುಟುಕು ಕುಡೀಲೇನು ಅಂತ ನನ್ನ ಕೇಳಿದ್ಲು. ನಾನ ಬ್ಯಾಡ ಅಂದೆ. ಮಾಘ ಹತ್ರ ಬಂತು, ಇಷ್ಟು ದಿನದ ನ್ಯಾಮ ಈಗ ಮುರೀಬ್ಯಾಡ ಅಂದೆ."

ಒಳಗೆ ಮಗಳು ಪಾತ್ರೆ ಸರಿಸುವ ಸದ್ದು ಕೇಳುತ್ತಿತ್ತು.

"ಹೆರಿಗಿ ಆಗ್ಲಿ," ಎಂದ. "ಆಮ್ಯಾಲ ನಾನ ಹೇಳ್ತೀನಿ. ಮುದುಕಗ ಮಾತ್ರ ಹೇಳಬ್ಯಾಡ್ರಿ. ಅಂವ ಹಂಗ ಕುಡೀಲಿ."

ಆಮೇಲೆ ಲಾಳಿ ಎತ್ತಿಕೊಂಡ. ನಾನು ಎದ್ದು ಬಂದೆ.

ಯೋಗ ಮೂರು ವಾರ ನಿಂತಿತ್ತು. ಮಾಸ್ತರು ಮಗಳ ಮನೆಯಿಂದ ಹೊರಬೀಳಲಿಲ್ಲ. ಸಾಹೇಬರೇ ಒಂದು ಸಂಜೆ ಅಲ್ಲಿಗೆ ಹೋಗಿ ಕೂತು ಬಂದರು. ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಮುಂದಿನ ಮಂಗಳವಾರ ಮಾಸ್ತರು ಬಂದರು. ಬಂದ ರೋಗಿಗಳು ಐದು. ಪಾಠ ಶುರುವಾಗುವ ಮುಂಚೆ ಸಾಹೇಬರು ಪಡಸಾಲೆಗೆ ಬಂದು, ಒಬ್ಬೊಬ್ಬರ ಔಷಧದ ಲೋಟವನ್ನೂ ಮಾಸ್ತರ ಕೈಗೆ ಕೊಟ್ಟರು. ಮಾಸ್ತರು ಅದನ್ನು ತಮ್ಮ ಕೈಯಿಂದ ಒಬ್ಬೊಬ್ಬರಿಗೂ ಕುಡಿಸಿದರು. ಇದು ಮಾಸ್ತರೇ ಯೋಚಿಸಿದ ದಾರಿ ಎಂದು ಆಮೇಲೆ ತಿಳಿಯಿತು. ಎರಡು ಕೈ ಬೇಡವೆಂದಿದ್ದರೆ ಒಂದೇ ಕೈಯಾಗಲಿ ಎಂದು. ದಮ್ಮಿನವರಿಬ್ಬರೂ ಕಣ್ಣು ಮುಚ್ಚಿ ಕುಡಿದರು. ಮನೆಗೆ ಒಯ್ಯುವ ಬಾಟಲಿಯನ್ನೂ ಅವರೇ ಕೊಡುತ್ತಿದ್ದರು, ನಾನಲ್ಲ. ನಾನು ತುಂಬಿ ಅವರ ಪಕ್ಕದಲ್ಲಿ ಇಡುತ್ತಿದ್ದೆ.

ಮಾಘದಲ್ಲಿ ಅವಳ ಮಗಳಿಗೆ ಹೆಣ್ಣು ಮಗುವಾಯಿತು. ಬಾಣಂತನಕ್ಕೆ ಹನುಮಸಾಗರದಿಂದ ಅತ್ತೆ ಬಂದಿದ್ದಳಂತೆ. ಗಂಡಸಾದರೂ ನೀರೊಲೆ ಮಾತ್ರ ಬಾಣಂತಿಯ ಅಪ್ಪನೇ ಹಚ್ಚುತ್ತಾನೆ ಎಂದು ಆ ಓಣಿಯ ಹೆಂಗಸು ಹೇಳಿದಳು. ಮಗಳಿಗೆ ಹೇಳಿದನೋ ಇಲ್ಲವೋ ನಾನು ಕೇಳಲಿಲ್ಲ. ಒಮ್ಮೆ ಸಂತೆಯಲ್ಲಿ ಎದುರಾದ. ಇಬ್ಬರೂ ನಿಂತೆವು. ಮಗು ಹೇಗಿದೆ ಎಂದೆ. ಛಲೋ ಐತಿ ಎಂದ. ಅಷ್ಟೇ.

ಮುದುಕ ಪ್ರತಿ ಗುರುವಾರ ಬರುತ್ತಿದ್ದ. ಹೋಳಿ ಹುಣ್ಣಿಮೆಯ ಹೊತ್ತಿಗೆ ಅವನ ಕೆಮ್ಮು ಪೂರಾ ನಿಂತಿತ್ತು. ಆದರೂ ಒಂದು ಗುರುವಾರ ಬಂದು ಕಟ್ಟೆಯ ಮೇಲೆ ಕೂತ. ಔಷಧ ಇನ್ನು ಬೇಡವಲ್ಲ ಯಜ್ಜಾ ಎಂದೆ. ಬೇಡ ಎಂದ. ಅವಳು ಇದ್ದಿದ್ದರೆ ಕೆಮ್ಮು ನಿಂತದ್ದನ್ನು ಹೋಗಿ ಹೇಳುತ್ತಿದ್ದೆ, ಯಾರಿಗಾದರೂ ಹೇಳಬೇಕಲ್ಲ, ಅದಕ್ಕೆ ಬಂದೆ ಎಂದ. ನಾನು ಅವನಿಗೆ ನೀರು ಕೊಟ್ಟೆ. ಕುಡಿದು, ಸ್ವಲ್ಪ ಹೊತ್ತು ಕೂತಿದ್ದು, ಕೋಲು ತೆಗೆದುಕೊಂಡು ಹೋದ.